ಪಕ್ಕದಲ್ಲಿ ಕೂರುವುದನ್ನು ಕಲಿಸುವ ನಾಟಕ, ಹಾಡು, ಕೌದಿ: ಎಚ್‌ಐವಿ ಕಳಂಕ ತೊಡೆಯಲು ಶಾಲೆಗಳಿಗೊಂದು ಮಾರ್ಗದರ್ಶಿ

ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1 ಬಂತೆಂದರೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಅನೇಕ ಪ್ರೌಢಶಾಲೆಗಳಿಂದ ಜಾಥಾ ಹೊರಡುತ್ತದೆ. ಎದೆಗೆ ಕೆಂಪು ರಿಬ್ಬನ್, ಕೈಯಲ್ಲಿ ಫಲಕ, ಬಸ್ ನಿಲ್ದಾಣದವರೆಗೆ ಘೋಷಣೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದು ಮಕ್ಕಳು ಗಣಿತದ ತರಗತಿಗೆ ಮರಳುತ್ತಾರೆ. ಜಾಥಾ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಎಚ್‌ಐವಿ ಹರಡುವ ನಾಲ್ಕು ಮಾರ್ಗಗಳನ್ನು ಬಾಯಿಪಾಠ ಒಪ್ಪಿಸುವ ಮಗುವೂ ಮರುದಿನ ಬಿಸಿಯೂಟದ ಸಾಲಿನಲ್ಲಿ ತಟ್ಟೆ ಎಳೆದುಕೊಂಡು ದೂರ ಸರಿಯಬಹುದು. ತಿಳಿವಳಿಕೆ ತಲೆಯಲ್ಲಿರುತ್ತದೆ, ಹಿಂಜರಿಕೆ ಮೈಯಲ್ಲಿರುತ್ತದೆ. ಮೈಯಲ್ಲಿರುವುದನ್ನು ಮೈಯಿಂದಲೇ ಬಿಡಿಸಬೇಕು. ಅಭಿನಯ, ಹಾಡು, ಕುಣಿತ, ಹೊಲಿಗೆ ಇವೆಲ್ಲ ಮೈ ತೊಡಗಿಸಿ ಮಾಡುವ ಕೆಲಸಗಳಾದ್ದರಿಂದಲೇ ಭಾಷಣದಿಂದ ಆಗದ್ದು ಇವುಗಳಿಂದ ಆಗುತ್ತದೆ.

ಈ ಮಾರ್ಗದರ್ಶಿ 8ರಿಂದ 10ನೇ ತರಗತಿಯ ಶಿಕ್ಷಕರಿಗೆ ಮತ್ತು ಅವರ ಜೊತೆ ಕೆಲಸ ಮಾಡುವ ರಂಗಕರ್ಮಿಗಳಿಗೆ. ಸುಮಾರು ಆರು ವಾರಗಳ ಕೆಲಸ. ದಸರಾ ರಜೆ ಮುಗಿದ ಕೂಡಲೇ ಆರಂಭಿಸಿದರೆ ಡಿಸೆಂಬರ್ ಮೊದಲ ವಾರಕ್ಕೆ ಊರಿನವರೆದುರು ನಿಲ್ಲಬಹುದು.

ಎಲ್ಲಕ್ಕಿಂತ ಮೊದಲು ಪಾಲಿಸಬೇಕಾದ ನಿಯಮ

ಎಚ್‌ಐವಿ ಇರುವ ಒಂದು ಮಗು ನಿಮ್ಮೆದುರೇ ಕುಳಿತಿದೆ. ಅದು ಯಾರೆಂದು ನಿಮಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಹೀಗೆ ಭಾವಿಸಿಯೇ ಪ್ರತಿಯೊಂದು ಸಂಭಾಷಣೆ ಬರೆಯಿರಿ, ಪ್ರತಿಯೊಂದು ಚಿತ್ರ ಬರೆಸಿರಿ. ಎಷ್ಟೋ ಮನೆಗಳಲ್ಲಿ ಮಗು ದಿನವೂ ನುಂಗುವ ಮಾತ್ರೆ ಯಾವುದಕ್ಕೆಂದು ಆ ಮಗುವಿಗೇ ಹೇಳಿರುವುದಿಲ್ಲ. 'ಏಡ್ಸ್ ಬಂದರೆ ಸಾವು ಖಚಿತ' ಎಂಬ ಒಂದು ಫಲಕ ಅಂಥ ಮಗುವಿಗೆ ಏನು ಹೇಳುತ್ತದೆ ಎಂದು ಯೋಚಿಸಿ ನೋಡಿ.

ಈ ನಿಯಮದಿಂದ ಕೆಲವು ಕಟ್ಟುಪಾಡುಗಳು ತಾವಾಗಿಯೇ ಹುಟ್ಟುತ್ತವೆ. 'ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಯಾರಿಗಾದರೂ ಇದೆಯೇ?' ಎಂಬ ಪ್ರಶ್ನೆ ಯಾವ ರೂಪದಲ್ಲಿಯೂ ಬರಬಾರದು. ತಿಂಗಳಿಗೊಮ್ಮೆ ರಜೆ ಹಾಕುವ ಮಗುವನ್ನು ಎಲ್ಲರೆದುರು ಕಾರಣ ಕೇಳಬಾರದು. ಅದು ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಔಷಧಿ ತರಲು ಹೋಗಿರಬಹುದು. ತನ್ನ ಕಥೆ ಹೇಳಲು ಯಾವ ಮಗುವನ್ನೂ ವೇದಿಕೆಗೆ ಕರೆಯಬಾರದು, ಮಗು ತಾನೇ ಮುಂದೆ ಬಂದರೂ ಕೂಡ. ವಯಸ್ಕರೊಬ್ಬರು ತಮ್ಮ ಅನುಭವ ಹಂಚಿಕೊಳ್ಳಲು ಒಪ್ಪಿದರೆ ಅವರು ಬೇರೆ ತಾಲ್ಲೂಕಿನವರಾಗಿರಲಿ; ಫೋಟೊ, ವಿಡಿಯೊ ಬೇಡ.

ಇದು ಸೌಜನ್ಯಕ್ಕೆ ಬಿಟ್ಟ ವಿಷಯವೂ ಅಲ್ಲ. 2017ರಲ್ಲಿ ಬಂದು 10 ಸೆಪ್ಟೆಂಬರ್ 2018ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ ಶಿಕ್ಷಣ ಸಂಸ್ಥೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಿಸುವಂತಿಲ್ಲ. ಒಬ್ಬರಿಗೆ ಎಚ್‌ಐವಿ ಇದೆಯೇ ಇಲ್ಲವೇ ಎಂಬುದನ್ನು ಬಹಿರಂಗಪಡಿಸುವಂತೆ ಅವರನ್ನು ಒತ್ತಾಯಿಸುವಂತಿಲ್ಲ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಈ ಕಾಯ್ದೆಯ ಒಂದು ಪ್ರತಿ ಇರಲಿ. ಇದರಲ್ಲಿರುವ ಒಂದು ಅಂಶ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು: ಎಚ್‌ಐವಿ ಬಾಧಿತ ಕುಟುಂಬದಲ್ಲಿ 12 ವರ್ಷ ತುಂಬಿದ, ಮನೆ ನಿಭಾಯಿಸುವಷ್ಟು ತಿಳಿವಳಿಕೆಯುಳ್ಳ ಅಕ್ಕನೋ ಅಣ್ಣನೋ ತಮ್ಮ ತಂಗಿಯರ ಶಾಲಾ ಪ್ರವೇಶಕ್ಕೆ ಪೋಷಕರಾಗಿ ಸಹಿ ಹಾಕಬಹುದು. ಅಂಥ ಅಕ್ಕ ನಿಮ್ಮ ಕಚೇರಿಯ ಬಾಗಿಲಲ್ಲಿ ನಿಂತರೆ 'ದೊಡ್ಡವರನ್ನು ಕರೆದುಕೊಂಡು ಬಾ' ಎಂದು ಹಿಂದಕ್ಕೆ ಕಳಿಸಬೇಡಿ.

ಮೊದಲ ವಾರ: ದೊಡ್ಡವರ ತಯಾರಿ

ಮುಖ್ಯೋಪಾಧ್ಯಾಯರ ಒಪ್ಪಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ಠರಾವು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪತ್ರ. ಇಷ್ಟಾದರೆ ಕಾಗದದ ಕೆಲಸ ಮುಗಿಯುತ್ತದೆ. ಪೋಷಕರ ಸಭೆಯಲ್ಲಿ 'ಮಕ್ಕಳಿಗೆ ಇದೆಲ್ಲ ಏಕೆ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಈ ಪಾಠ ವಿಜ್ಞಾನದ ಪುಸ್ತಕದಲ್ಲಿಯೇ ಇದೆ, ನಾವು ಕಲಿಸಲು ಹೊರಟಿರುವುದು ಜೊತೆಗಿರುವವರೊಂದಿಗೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಎಂದು ನೇರವಾಗಿ ಹೇಳಿ.

ಅನಂತರ ಶಾಲೆಯ ಎಲ್ಲ ಸಿಬ್ಬಂದಿಗೆ ಒಂದು ಮಧ್ಯಾಹ್ನದ ಮಾತುಕತೆ. ಎಲ್ಲ ಸಿಬ್ಬಂದಿ ಎಂದರೆ ಬಿಸಿಯೂಟದ ಅಡುಗೆಯವರು, ಆಯಾ, ಜವಾನ ಎಲ್ಲರೂ ಸೇರಿ. ತಟ್ಟೆಗೆ ಅನ್ನ ಬಡಿಸುವ ಕೈ ಎತ್ತರದಿಂದ ಸುರಿದರೆ ಆರು ವಾರಗಳ ನಾಟಕ ಆ ಒಂದು ಗಳಿಗೆಯಲ್ಲಿ ಸೋಲುತ್ತದೆ. ಜಿಲ್ಲಾ ಆಸ್ಪತ್ರೆ ಅಥವಾ ತಾಲ್ಲೂಕು ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಆಪ್ತ ಸಮಾಲೋಚಕರನ್ನು ಈ ಮಾತುಕತೆಗೆ ಕರೆಯಿರಿ. ಮುಂದೆ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಬೇಕಾದಾಗಲೂ ಅವರೇ ಆಸರೆ.

ದೊಡ್ಡವರು ಸಾಮಾನ್ಯವಾಗಿ ಕೇಳುವುದು ಆಟದ ಮೈದಾನದ ಗಾಯದ ಬಗ್ಗೆ. ಉತ್ತರ ಸರಳ: ಯಾವ ಮಗುವಿಗೆ ರಕ್ತ ಬಂದರೂ ಕ್ರಮ ಒಂದೇ. ಕೈಗವಸು ಹಾಕಿ, ಇಲ್ಲದಿದ್ದರೆ ಶುದ್ಧ ಪ್ಲಾಸ್ಟಿಕ್ ಚೀಲವಾದರೂ ಸರಿ. ಗಾಯವನ್ನು ಸಾಬೂನು ನೀರಿನಲ್ಲಿ ತೊಳೆಯಿರಿ, ಬಟ್ಟೆ ಕಟ್ಟಿ. ಎಲ್ಲರಿಗೂ ಹೀಗೆ ಮಾಡುವ ಶಾಲೆಯಲ್ಲಿ ಯಾರಿಗೆ ಸೋಂಕಿದೆ ಎಂಬುದನ್ನು ತಿಳಿಯುವ ಅಗತ್ಯವೇ ಬೀಳುವುದಿಲ್ಲ. ಸೋಂಕಿರುವ ಮಗುವೂ ಕಬಡ್ಡಿ, ಕೊಕ್ಕೊ ಎಲ್ಲವನ್ನೂ ಆಡಬಹುದು.

ಎರಡನೆಯ ವಾರ: ಚೀಟಿಗಳು, ಆಮೇಲೆ ಸತ್ಯಾಂಶಗಳು

ತರಗತಿಯಲ್ಲಿ ಒಂದು ಬಾಯಿ ಕಟ್ಟಿದ ಡಬ್ಬಿ ಇಡಿ. ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಚೀಟಿ ಕೊಡಿ. ಪ್ರಶ್ನೆ ಇಲ್ಲದವರು 'ಪ್ರಶ್ನೆ ಇಲ್ಲ' ಎಂದು ಬರೆದು ಹಾಕಲಿ. ಆಗ ಯಾರು ಬರೆದರು, ಯಾರು ಬಿಟ್ಟರು ಎಂಬುದು ಗೊತ್ತಾಗುವುದಿಲ್ಲ. ಹೆಸರು ಬೇಡ. ಚೀಟಿಗಳನ್ನು ಮನೆಗೆ ಒಯ್ದು ಒಬ್ಬರೇ ಓದಿ, ನಿಮ್ಮದೇ ಅಕ್ಷರದಲ್ಲಿ ನಕಲು ಮಾಡಿ, ಮೂಲ ಚೀಟಿಗಳನ್ನು ಹರಿದು ಹಾಕಿ. ಸೊಳ್ಳೆ ಕಚ್ಚಿದರೆ ಬರುತ್ತದೆಯೇ, ಒಂದೇ ಬಾಟಲಿಯ ನೀರು ಕುಡಿದರೆ, ಕ್ಷೌರದಂಗಡಿಯಲ್ಲಿ, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡರೆ, ಮದುವೆಯಾಗಬಹುದೇ ಎಂಬಂಥ ಪ್ರಶ್ನೆಗಳು ಬರುತ್ತವೆ. ಇವನ್ನು ಜೋಪಾನ ಮಾಡಿ. ನಾಟಕದ ಕಚ್ಚಾ ಸಾಮಗ್ರಿ ಇದೇ.

ಉತ್ತರ ಹೇಳಲು ಎರಡು ತರಗತಿ ಸಾಕು. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಹಂಚಿಕೊಂಡ ಸೂಜಿ, ತಾಯಿಯಿಂದ ಮಗುವಿಗೆ: ಹರಡುವುದು ಹೀಗೆ. ಮುಟ್ಟುವುದರಿಂದ, ಜೊತೆಗೆ ಉಣ್ಣುವುದರಿಂದ, ಕೆಮ್ಮಿನಿಂದ, ಸೊಳ್ಳೆಯಿಂದ, ಒಂದೇ ಶೌಚಾಲಯ ಬಳಸುವುದರಿಂದ ಹರಡುವುದಿಲ್ಲ. ಹಚ್ಚೆಯ ಸೂಜಿ ಒಬ್ಬರಿಗೆ ಒಂದು, ಹೊಸದೇ ಆಗಿರಬೇಕು. ಚಿಕಿತ್ಸೆಯೇ ಇಲ್ಲದಿದ್ದರೆ ಸೋಂಕಿತ ತಾಯಿಯಿಂದ ಮಗುವಿಗೆ ಹರಡುವ ಸಾಧ್ಯತೆ ಶೇ 15ರಿಂದ 45. ಸರಿಯಾದ ಚಿಕಿತ್ಸೆ ಸಿಕ್ಕರೆ ಶೇ 5ಕ್ಕಿಂತ ಕಡಿಮೆ. ಸರ್ಕಾರಿ ಕೇಂದ್ರಗಳಲ್ಲಿ 2004ರಿಂದ ಎಆರ್‌ಟಿ ಔಷಧಿ ಉಚಿತವಾಗಿ ಸಿಗುತ್ತಿದೆ. ಬಿಡದೆ ಔಷಧಿ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪ್ರಮಾಣ ಪತ್ತೆಯಾಗದಷ್ಟು ಇಳಿದು ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕವೂ ಸೋಂಕು ಹರಡುವುದಿಲ್ಲ. ಅವರು ಓದುತ್ತಾರೆ, ದುಡಿಯುತ್ತಾರೆ, ಮದುವೆಯಾಗುತ್ತಾರೆ, ಮುಪ್ಪಾಗುತ್ತಾರೆ. ಈ ಕೊನೆಯ ಮಾತನ್ನು ಎರಡು ಸಲ ಹೇಳಿ. ಭಯದ ಬೇರು ಸಡಿಲವಾಗುವುದು ಅಲ್ಲಿ.

ಮೂರನೆಯ ಮತ್ತು ನಾಲ್ಕನೆಯ ವಾರ: ನಾಟಕ ಕಟ್ಟುವುದು

ಏಡ್ಸ್ ಬಗ್ಗೆ ಹಳ್ಳಿಗಳಲ್ಲಿ ಆಡುತ್ತ ಬಂದ ಬೀದಿನಾಟಕಗಳಲ್ಲಿ ಒಂದು ಹಳೆಯ ಅಚ್ಚಿದೆ. ಲಾರಿ ಚಾಲಕ ಊರು ಬಿಡುತ್ತಾನೆ, ದಾರಿ ತಪ್ಪುತ್ತಾನೆ, ಸೊರಗಿ ಹಿಂತಿರುಗುತ್ತಾನೆ, ಹೆಂಡತಿ ಎದೆ ಬಡಿದುಕೊಂಡು ಅಳುತ್ತಾಳೆ, ಅವನು ಸಾಯುತ್ತಾನೆ. ದಯವಿಟ್ಟು ಇದನ್ನು ಕೈಬಿಡಿ. ರಾಷ್ಟ್ರೀಯ ಹೆದ್ದಾರಿ 48 ನಮ್ಮ ಎರಡೂ ಜಿಲ್ಲೆಗಳ ನಡುವೆ ಹಾದುಹೋಗಿದೆ. ಲಾರಿ ಚಾಲಕರ ಮಕ್ಕಳು ನಿಮ್ಮ ತರಗತಿಯಲ್ಲಿಯೇ ಇದ್ದಾರೆ. ಯಾರನ್ನಾದರೂ ಪಾಪಿಯಾಗಿಸುವ ಕಥೆ ಕಳಂಕವನ್ನು ಅಳಿಸುವುದಿಲ್ಲ, ಬಲಪಡಿಸುತ್ತದೆ. ದಾವಣಗೆರೆ ರಂಗನಟಿ ಚಿಂದೋಡಿ ಲೀಲಾ ಅವರ ಊರು, ಕೆಬಿಆರ್ ಡ್ರಾಮಾ ಕಂಪನಿಯ ಊರು. ಎತ್ತರದ ಸಂಭಾಷಣೆ, ಕಣ್ಣೀರಿನ ದೃಶ್ಯ ನಮ್ಮ ಪ್ರೇಕ್ಷಕರಿಗೆ ಪ್ರಿಯ. ಆ ಪರಂಪರೆಯ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಈ ಕೆಲಸಕ್ಕೆ ಕಣ್ಣೀರು ಒದಗುವುದಿಲ್ಲ. ಅಯ್ಯೋ ಎಂದು ಕರುಣೆ ಪಡುವವರು ಸಹ ದೂರದಲ್ಲಿಯೇ ಕುಳಿತಿರುತ್ತಾರೆ.

ನಾನು ಸೂಚಿಸುವುದು ಸಂವಾದ ನಾಟಕ. ಬ್ರೆಜಿಲ್ ದೇಶದ ರಂಗಕರ್ಮಿ ಆಗಸ್ಟೊ ಬೋಲ್ (1931–2009) ರೂಪಿಸಿದ ಕ್ರಮವಿದು. ಒಂದು ಅನ್ಯಾಯದ ದೃಶ್ಯವನ್ನು ಆಡಿ ತೋರಿಸುತ್ತಾರೆ. ಅದು ಕೆಟ್ಟದಾಗಿಯೇ ಮುಗಿಯುತ್ತದೆ. ಅದೇ ದೃಶ್ಯವನ್ನು ಮತ್ತೆ ಆಡುವಾಗ ಪ್ರೇಕ್ಷಕರಲ್ಲಿ ಯಾರು ಬೇಕಾದರೂ 'ನಿಲ್ಲಿಸಿ' ಎಂದು ಕೂಗಿ, ರಂಗಕ್ಕೆ ಬಂದು, ಒಂದು ಪಾತ್ರದ ಜಾಗದಲ್ಲಿ ನಿಂತು ಬೇರೆ ರೀತಿಯಲ್ಲಿ ನಡೆದುಕೊಂಡು ನೋಡಬಹುದು. ನಡೆಸಿಕೊಡುವವರು ಒಬ್ಬರು ಇರಬೇಕು. ಈ ಕೆಲಸ ನಮ್ಮ ಬಯಲಾಟದ ಸಾರಥಿಗೆ ಹೇಳಿ ಮಾಡಿಸಿದ್ದು. ರಂಗಕ್ಕೆ ಬಂದ ಪಾತ್ರವನ್ನು ನಿಲ್ಲಿಸಿ 'ತಾವು ಯಾರು, ಬಂದ ಕಾರಣವೇನು' ಎಂದು ಕೇಳುವವನು ಸಾರಥಿಯೇ ತಾನೆ? ಚಿತ್ರದುರ್ಗದ ಕಡೆಯ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ.

ದೃಶ್ಯ ನಾಲ್ಕೈದು ನಿಮಿಷದ್ದಾಗಿರಲಿ. ನನ್ನ ಆಯ್ಕೆ ಬಿಸಿಯೂಟದ ದೃಶ್ಯ. ಅಜ್ಜಿಯ ಊರಿಗೆ ಬಂದು ಹೊಸದಾಗಿ ಶಾಲೆ ಸೇರಿದ ಹುಡುಗ ಒಬ್ಬನಿದ್ದಾನೆ. ತರಗತಿಯಲ್ಲಿ ಇಲ್ಲದ ಒಂದು ಹೆಸರು ಕೊಡಿ. ಇಲ್ಲಿ ಬಸು ಎನ್ನೋಣ.

ರಮೇಶ: ಅವನ ಪಕ್ಕ ಕೂರಬೇಡ. ಅವರಪ್ಪನಿಗೆ ದೊಡ್ಡ ಕಾಯಿಲೆ ಇತ್ತಂತೆ.
ಗೀತಾ: ಯಾರು ಹೇಳಿದರು?
ರಮೇಶ: ನಮ್ಮ ಅತ್ತೆ ಆಸ್ಪತ್ರೆಯಲ್ಲಿ ನೋಡಿದರಂತೆ.
(ಬಸು ತಟ್ಟೆ ಹಿಡಿದು ಬರುತ್ತಾನೆ. ಸಾಲು ಒತ್ತೊತ್ತಾಗಿ ಸರಿದು ಜಾಗ ಮುಚ್ಚುತ್ತದೆ.)
ಬಸು: ಸ್ವಲ್ಪ ಸರಿಯುತ್ತೀರಾ?
(ಯಾರೂ ಮಾತನಾಡುವುದಿಲ್ಲ. ಗೀತಾ ತಟ್ಟೆ ನೋಡುತ್ತ ಕೂರುತ್ತಾಳೆ. ಬಸು ಕಂಬದ ಬಳಿ ಹೋಗಿ ಒಬ್ಬನೇ ಉಣ್ಣುತ್ತಾನೆ.)

ಇಷ್ಟೇ. ಬಸುವಿಗೆ ಎಚ್‌ಐವಿ ಇದೆಯೇ ಇಲ್ಲವೇ ಎಂಬುದನ್ನು ನಾಟಕ ಎಲ್ಲಿಯೂ ಹೇಳಬಾರದು. 'ಅವನಿಗೆ ನಿಜವಾಗಿಯೂ ಇದೆಯಾ, ಸರ್?' ಎಂದು ಮಕ್ಕಳು ಕೇಳುತ್ತಾರೆ. ಸಾರಥಿ ಮರುಪ್ರಶ್ನೆ ಹಾಕಲಿ: 'ಇದೆ ಎಂದರೆ ನೀನು ಎಲ್ಲಿ ಕೂರುತ್ತೀಯ? ಇಲ್ಲ ಎಂದರೆ ಎಲ್ಲಿ ಕೂರುತ್ತೀಯ?' ಎರಡಕ್ಕೂ ಉತ್ತರ ಬೇರೆ ಬೇರೆಯಾದರೆ ಅಲ್ಲಿಂದಲೇ ಚರ್ಚೆ ಶುರುವಾಗುತ್ತದೆ. ಅವಸರದಿಂದ ಉಪದೇಶಕ್ಕಿಳಿಯಬೇಡಿ, ಮೌನವಿದ್ದರೆ ಇರಲಿ.

ಮೂಲ ಕ್ರಮದಲ್ಲಿ ಪ್ರೇಕ್ಷಕರು ಅನ್ಯಾಯಕ್ಕೊಳಗಾದವರ ಜಾಗದಲ್ಲಿ ನಿಲ್ಲುತ್ತಾರೆ. ಶಾಲೆಯಲ್ಲಿ ನಾನು ಬಯಸುವುದು ಗೀತಾಳ ಜಾಗವನ್ನು. ಹೊರದೂಡಿಸಿಕೊಂಡ ಮಗುವೇ ಧೈರ್ಯ ತೋರಿ ಎಲ್ಲವನ್ನೂ ಸರಿಪಡಿಸಬೇಕು ಎಂದರೆ ಹೊರೆ ಹೊತ್ತವರ ಮೇಲೆಯೇ ಮತ್ತೊಂದು ಹೊರೆ ಹೇರಿದಂತೆ. ಸುಮ್ಮನೆ ನೋಡುತ್ತ ಕುಳಿತವಳು ಏನು ಮಾಡಬಹುದಿತ್ತು? ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ. ಒಬ್ಬ ರಮೇಶನಿಗೆ ಭಾಷಣ ಮಾಡುತ್ತಾನೆ, ಒಬ್ಬಳು ಟೀಚರಿಗೆ ದೂರು ಕೊಡಲು ಓಡುತ್ತಾಳೆ, ಇನ್ನೊಬ್ಬ ರಮೇಶನ ಕೊರಳಪಟ್ಟಿ ಹಿಡಿಯುತ್ತಾನೆ. ಪ್ರತಿ ಸಲವೂ ಸಾರಥಿ ಬಸುವಿನ ಪಾತ್ರಧಾರಿಯನ್ನು ಕೇಳಲಿ: 'ಈಗ ನಿನಗೆ ಹೇಗನಿಸಿತು?' ಭಾಷಣ ಕೇಳಿ ಇನ್ನಷ್ಟು ಮುಜುಗರವಾಯಿತು ಎಂದು ಅವನೇ ಹೇಳಿದಾಗ ತರಗತಿಗೆ ಅರ್ಥವಾಗುತ್ತದೆ. ಕೊನೆಗೆ ಯಾರೋ ಒಬ್ಬರು ಮಾತೇ ಆಡದೆ ತಟ್ಟೆ ಎತ್ತಿಕೊಂಡು ಕಂಬದ ಬಳಿ ಹೋಗಿ ಕೂರುತ್ತಾರೆ, 'ಇವತ್ತಿನ ಸಾರು ಖಾರ ಅಲ್ಲವೇ?' ಎನ್ನುತ್ತಾರೆ. ಇಂಥ ನಡೆ ಮಕ್ಕಳಿಂದಲೇ ಬರುವವರೆಗೆ ಕಾಯಿರಿ. ಬಂದ ಮೇಲೆ ಅದನ್ನೇ ಬೇರೆ ಬೇರೆ ಮಕ್ಕಳಿಂದ ಮಾಡಿಸಿ. ಪಕ್ಕ ಹೋಗಿ ಕೂರುವುದು ಮೈಗೆ ರೂಢಿಯಾಗಬೇಕು.

ಪಾತ್ರ ಹಂಚುವಾಗ ಎಚ್ಚರವಿರಲಿ. ಬಸುವಿನ ಪಾತ್ರವನ್ನು ತಂದೆತಾಯಿ ಇಲ್ಲದ ಮಗುವಿಗೆ, ಬಡವಾದ ಮಗುವಿಗೆ, ದಲಿತ ಕೇರಿಯ ಮಗುವಿಗೆ, ಯಾವಾಗಲೂ ಮೂಲೆಯಲ್ಲಿ ಕೂರುವ ಮಗುವಿಗೆ ಕೊಡಬೇಡಿ. ತರಗತಿಯಲ್ಲಿ ಎಲ್ಲರ ಮೆಚ್ಚಿನ ಕ್ಯಾಪ್ಟನ್‌ಗೆ ಕೊಡಿ, ದಿನಕ್ಕೊಬ್ಬರಂತೆ ಬದಲಾಯಿಸಿ. ರಮೇಶನ ಪಾತ್ರವೂ ಹಾಗೆಯೇ. ಅಭ್ಯಾಸ ಮುಗಿದ ಮೇಲೆ ಪಾತ್ರ ಕಳಚುವ ಒಂದು ಕ್ರಮ ಬೇಕು: ಹೆಗಲ ಮೇಲಿನ ಟವೆಲ್ ತೆಗೆದು ಕೆಳಗಿಟ್ಟು, ತನ್ನ ನಿಜವಾದ ಹೆಸರು ಮತ್ತು ತನಗಿಷ್ಟವಾದ ತಿಂಡಿಯನ್ನು ಗಟ್ಟಿಯಾಗಿ ಹೇಳಿ ಹೊರಗೆ ಬರಲಿ. ಪಾತ್ರದ ಹೆಸರು ಆಟದ ಮೈದಾನದಲ್ಲಿ ಅಡ್ಡಹೆಸರಾಗದಂತೆ ತಡೆಯುವ ಉಪಾಯವಿದು.

ಶಾಲೆಯಲ್ಲಿ ರಂಗಶಿಕ್ಷಕರಿಲ್ಲದಿದ್ದರೆ ಧೃತಿಗೆಡಬೇಕಾಗಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ರಂಗಶಾಲೆಯಿದೆ, 1997ರಲ್ಲಿ ಆರಂಭವಾದ, ಊರೂರು ತಿರುಗಿ ನಾಟಕವಾಡುವ ಶಿವಸಂಚಾರ ರೆಪರ್ಟರಿ ಇದೆ. ಅಂಥ ಕಡೆ ಕಲಿತು ಬಂದ ಯುವಕಯುವತಿಯರು ಹತ್ತಿರದಲ್ಲಿದ್ದಾರೆಯೇ ಎಂದು ವಿಚಾರಿಸಿ, ಎರಡು ಶನಿವಾರಗಳ ಮಟ್ಟಿಗೆ ಕರೆಸಿಕೊಳ್ಳಿ. ಮೇಲಿನ ನಿಯಮವನ್ನು ಮಾತ್ರ ಮೊದಲೇ ಅವರಿಗೆ ಓದಿ ಹೇಳಿ.

ಐದನೆಯ ವಾರ: ಕೌದಿ, ಹಾಡು, ಚಿತ್ರ

ಎಲ್ಲ ಮಕ್ಕಳೂ ರಂಗದ ಮೇಲೆ ನಿಲ್ಲಲು ಇಷ್ಟಪಡುವುದಿಲ್ಲ. ಅವರಿಗೆ ಸೂಜಿ ದಾರ ಕೊಡಿ.

ಅಮೆರಿಕದಲ್ಲಿ ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಮನೆಯವರು, ಗೆಳೆಯರು ಮೂರಡಿ ಅಗಲ, ಆರಡಿ ಉದ್ದದ ಬಟ್ಟೆಯ ತುಂಡುಗಳ ಮೇಲೆ ಹೆಸರು ಹೊಲಿದು, ಎಲ್ಲವನ್ನೂ ಜೋಡಿಸಿ ದೊಡ್ಡ ಕೌದಿ ಮಾಡಿದರು. 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ನಗರದ ಬಯಲಿನಲ್ಲಿ ಮೊದಲ ಸಲ ಹಾಸಿದಾಗ ಅದರಲ್ಲಿ 1,920 ತುಂಡುಗಳಿದ್ದವು. ಇಂದು ಸುಮಾರು 50,000 ಇವೆ. ಅಲ್ಲಿ ಹೆಸರು ಹೊಲಿಯುವುದೇ ಪ್ರತಿಭಟನೆಯಾಗಿತ್ತು. ನಮ್ಮ ಶಾಲೆಯಲ್ಲಿ ಹೆಸರು ಕೂಡದು. ಊರು ಚಿಕ್ಕದು, ಯಾರ ಮನೆಯ ಕಥೆ ಎಂಬುದು ಸಂಜೆಯೊಳಗೆ ತಿಳಿಯುತ್ತದೆ. ಅದಕ್ಕೆ ಬದಲಾಗಿ ಪ್ರತಿ ಮಗು 'ಯಾರಾದರೂ ನನ್ನನ್ನು ಜೊತೆಗೆ ಸೇರಿಸಿಕೊಂಡ ದಿನ' ಎಂಬುದರ ಒಂದು ಚಿತ್ರವನ್ನು ಮೊಳದಗಲದ ಚೌಕದ ಮೇಲೆ ಹೊಲಿಯಲಿ. ಹಬ್ಬದೂಟದ ಎಲೆ, ಹಂಚಿಕೊಂಡ ಕೊಡೆ, ಸೈಕಲ್ಲಿನ ಹಿಂದಿನ ಸೀಟು, ಏನಾದರೂ ಆಗಬಹುದು. ಹಳೆಯ ಸೀರೆ, ಪಂಚೆ, ಲಂಗದ ಬಟ್ಟೆ ಮನೆಯಲ್ಲಿ ಇದ್ದೇ ಇರುತ್ತದೆ. ಹುಡುಗರೂ ಹೊಲಿಯಬೇಕು, ವಿನಾಯಿತಿ ಇಲ್ಲ.

ಚೌಕಗಳನ್ನು ಜೋಡಿಸುವ ಕೆಲಸಕ್ಕೆ ಕೌದಿ ಹೊಲಿಯಬಲ್ಲ ಅಜ್ಜಿಯರನ್ನು ಕರೆಯಿರಿ. ಈ ಇಡೀ ಕಾರ್ಯಕ್ರಮದಲ್ಲಿ ನನಗೆ ಅತ್ಯಂತ ಬೆಲೆಬಾಳುವುದೆಂದು ತೋರುವುದು ಈ ಮಧ್ಯಾಹ್ನಗಳೇ. ತಂದೆತಾಯಿಯನ್ನು ಕಳೆದುಕೊಂಡ ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರು ನಮ್ಮ ಹಳ್ಳಿಗಳಲ್ಲಿದ್ದಾರೆ. ಅವರು ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ. ಕೌದಿಯ ಸುತ್ತ ಎಲ್ಲರ ಜೊತೆ ಕುಳಿತು ಹೊಲಿಯುತ್ತಾರೆ, ಅಷ್ಟೇ.

ಹಾಡಿಗೆ ಹೊಸ ರಾಗ ಹುಡುಕಬೇಡಿ. ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಜನಪದ ಗಾಯಕಿ ಸಿರಿಯಜ್ಜಿ ಹಾಡಿದ್ದು ಚಳ್ಳಕೆರೆಯ ಸೀಮೆಯಲ್ಲಿಯೇ. ಕೋಲಾಟದ, ಸೋಬಾನೆಯ ಧಾಟಿ ಮನೆಮನೆಯಲ್ಲಿದೆ. ಧಾಟಿ ಹಳೆಯದಿರಲಿ, ಮಾತು ಮಕ್ಕಳದ್ದಾಗಿರಲಿ. ಮಾದರಿಗೆ:

ಕೈಗೆ ಕೈಯಿ ತಾಗಿದರೆ ಬಾರದು ಕೋಲೆ
ಒಂದೇ ಬಿಂದಿಗೆ ನೀರಿಗೆ ಬಾರದು ಕೋಲೆ
ಒಂದೇ ಸಾಲಲಿ ಉಂಡರೂ ಬಾರದು
ಗೆಳತಿ ಬಾರೆ ಪಕ್ಕಕೆ ಕೋಲೆ

ಮಕ್ಕಳು ಬರೆದ ಸಾಲುಗಳನ್ನು ತಿದ್ದುವಾಗ 'ಮಾರಿ', 'ಮಾರಕ', 'ಪಾಪದ ಫಲ' ಎಂಬ ಪದಗಳನ್ನು ತೆಗೆದುಬಿಡಿ. 'ಏಡ್ಸ್ ರೋಗಿ' ಎನ್ನುವ ಕಡೆ 'ಎಚ್‌ಐವಿ ಜೊತೆ ಬದುಕುತ್ತಿರುವವರು' ಎಂದಿರಲಿ. ಭಿತ್ತಿಚಿತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ: ತಲೆಬುರುಡೆ, ಹಾವು, ಎಲುಬಿನ ಹಂದರ ಬೇಡ. ಜೊತೆಯಾಗಿ ಮಾಡುವ ದಿನನಿತ್ಯದ ಕೆಲಸಗಳನ್ನು ಬರೆಯಲಿ. ಕೆಂಪು ರಿಬ್ಬನ್ ಇರಲಿ. 1991ರಲ್ಲಿ ನ್ಯೂಯಾರ್ಕಿನ ಕಲಾವಿದರು ಅದನ್ನು ರೂಪಿಸಿದ್ದು ಜೊತೆಗಿದ್ದೇವೆ ಎಂದು ತೋರಿಸುವುದಕ್ಕಾಗಿ ಎಂಬುದನ್ನೂ ಹೇಳಿ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳನ್ನು ಕೇಳಿಕೊಂಡರೆ ಕಾಂಪೌಂಡ್ ಗೋಡೆಯ ಚಿತ್ರಕ್ಕೆ ನೆರವು ಸಿಗಬಹುದು.

ಆರನೆಯ ವಾರ: ಊರಿನವರೆದುರು

ಶಾಲೆಯ ಅಂಗಳದಲ್ಲಿ, ಸಂಜೆ, ಹೊಲದಿಂದ ಜನ ಮರಳಿದ ಮೇಲೆ ಪ್ರದರ್ಶನವಿರಲಿ. ಕೌದಿಯನ್ನು ಹಿಂಬದಿ ಪರದೆಯಾಗಿ ಕಟ್ಟಿ. ಹಾಡು, ಅನಂತರ ನಾಟಕ, ಅನಂತರ ಸಾರಥಿಯ ಪ್ರಶ್ನೆಗಳು. ದೊಡ್ಡವರನ್ನೂ ರಂಗಕ್ಕೆ ಕರೆಯಿರಿ. ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ಗೀತಾಳ ಜಾಗದಲ್ಲಿ ನಿಂತು ತಟ್ಟೆ ಹಿಡಿದರೆ ಅದರ ಪರಿಣಾಮ ಯಾವ ಭಾಷಣಕ್ಕೂ ಇಲ್ಲ. ಗಣ್ಯರ ಸನ್ಮಾನ, ದೀರ್ಘ ವಂದನಾರ್ಪಣೆ ಇಟ್ಟುಕೊಳ್ಳಬೇಡಿ. ಜನ ಎದ್ದು ಹೋಗುವುದು ಅಲ್ಲಿಯೇ. ಐಸಿಟಿಸಿ ಸಮಾಲೋಚಕರು ಒಂದು ಪಕ್ಕದಲ್ಲಿ ಕುಳಿತಿರಲಿ, ಬೇಕಾದವರು ಹೋಗಿ ಮಾತನಾಡಲಿ. ಉಚಿತ ಸಹಾಯವಾಣಿ 1097 ಸಂಖ್ಯೆಯನ್ನು ಮಕ್ಕಳ ಅಕ್ಷರದಲ್ಲಿಯೇ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಪ್ರದರ್ಶನದ ನಂತರ

ಫಲ ಕಂಡಿತೇ ಎಂದು ತಿಳಿಯಲು ಪ್ರಶ್ನೆಪತ್ರಿಕೆ ಕೊಡಬೇಡಿ. ಮಕ್ಕಳು ನಿಮಗೆ ಬೇಕಾದ ಉತ್ತರವನ್ನೇ ಬರೆಯುತ್ತಾರೆ. ಬಿಸಿಯೂಟದ ಸಾಲು ನೋಡಿ. ಒಬ್ಬರೇ ಉಣ್ಣುವವರು ಯಾರು, ಬೆಂಚಿನಲ್ಲಿ ಒಬ್ಬರೇ ಕೂರುವವರು ಯಾರು, ಗುಂಪು ಆಟದಲ್ಲಿ ಕೊನೆಗೆ ಉಳಿಯುವವರು ಯಾರು ಎಂಬುದನ್ನು ಕಾರ್ಯಕ್ರಮದ ಮೊದಲೂ ಮೂರು ತಿಂಗಳ ನಂತರವೂ ಗಮನಿಸಿ. ಕಾರಣ ಎಚ್‌ಐವಿಯೇ ಆಗಬೇಕಾಗಿಲ್ಲ. ಜಾತಿ, ಬಡತನ, ಮೈಯ ಊನ, ಯಾವುದರಿಂದ ದೂರ ತಳ್ಳಿಸಿಕೊಂಡ ಮಗುವಾದರೂ ಸಾಲಿನೊಳಗೆ ಬಂದಿದ್ದರೆ ಕೆಲಸ ಆಗಿದೆ. ಪ್ರಶ್ನೆಚೀಟಿಗಳ ಡಬ್ಬಿಯನ್ನು ತರಗತಿಯಿಂದ ತೆಗೆಯಬೇಡಿ, ವರ್ಷವಿಡೀ ಇರಲಿ.

ಎರಡು ಸಂದರ್ಭಗಳಿಗೆ ಮೊದಲೇ ಸಿದ್ಧರಾಗಿರಿ. ಒಂದು, ಯಾವುದೋ ಮಗು ನಿಮ್ಮೊಬ್ಬರ ಬಳಿ ಬಂದು ತನ್ನ ಬಗ್ಗೆಯೋ ಅಮ್ಮನ ಬಗ್ಗೆಯೋ ಹೇಳಿಕೊಳ್ಳಬಹುದು. ಕೇಳಿಸಿಕೊಳ್ಳಿ, 'ನನಗೆ ಹೇಳಿದ್ದು ಒಳ್ಳೆಯದಾಯಿತು' ಎನ್ನಿ. ಮಗು ಮತ್ತು ಪೋಷಕರ ಒಪ್ಪಿಗೆಯಿಲ್ಲದೆ ಅದು ಸ್ಟಾಫ್ ರೂಮಿಗೆ ಹೋಗಬಾರದು, ಮುಖ್ಯೋಪಾಧ್ಯಾಯರ ಕಿವಿಗೂ ಬೀಳಬಾರದು. ಔಷಧಿ ತಪ್ಪುತ್ತಿದೆ ಎಂದು ತಿಳಿದರೆ ಮನೆಯವರ ಜೊತೆ ಮಾತನಾಡಿ ಎಆರ್‌ಟಿ ಕೇಂದ್ರಕ್ಕೆ ದಾರಿ ಮಾಡಿಕೊಡಿ. ಮಗುವಿಗೆ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಇನ್ನೊಂದು, ಪೋಷಕರ ಗುಂಪೊಂದು ಬಂದು 'ಆ ಮಗುವನ್ನು ಬಿಡಿಸಿ, ಇಲ್ಲದಿದ್ದರೆ ನಮ್ಮ ಮಕ್ಕಳ ಟಿಸಿ ಕೊಡಿ' ಎನ್ನಬಹುದು. ಆ ಮಗುವಿಗೆ ಸೋಂಕಿದೆ ಎಂದೂ ಹೇಳಬೇಡಿ, ಇಲ್ಲ ಎಂದು ವಾದಿಸಲೂ ಹೋಗಬೇಡಿ. ಇಲ್ಲ ಎಂದು ಒಮ್ಮೆ ಹೇಳಿದರೆ, ಮುಂದೆ ಇನ್ನೊಂದು ಮಗುವಿನ ವಿಷಯದಲ್ಲಿ ನಿಮ್ಮ ಮೌನವೇ ಹೌದು ಎಂಬ ಉತ್ತರವಾಗುತ್ತದೆ. 'ಯಾವ ಮಗುವಿನ ಆರೋಗ್ಯದ ವಿಷಯವನ್ನೂ ಶಾಲೆ ಚರ್ಚಿಸುವುದಿಲ್ಲ, ಯಾವ ಮಗುವನ್ನೂ ಹೊರಗೆ ಕಳಿಸುವುದಿಲ್ಲ' ಎಂಬ ಒಂದೇ ಮಾತನ್ನು ಎಲ್ಲ ಶಿಕ್ಷಕರೂ ಹೇಳಲಿ. ಅದೇ ದಿನ ಎಸ್‌ಡಿಎಂಸಿ ಅಧ್ಯಕ್ಷರಿಗೂ ಬಿಇಒ ಅವರಿಗೂ ಮಗುವಿನ ಹೆಸರಿಲ್ಲದೆ ಲಿಖಿತ ಮಾಹಿತಿ ಕೊಡಿ, ಸಮಾಲೋಚಕರನ್ನು ಕರೆಸಿ ಆ ಪೋಷಕರನ್ನು ಒಟ್ಟಾಗಿ ಕೂರಿಸಿ ಮಾತನಾಡಿಸಿ. ಒತ್ತಡ ಮುಂದುವರಿದರೆ 2017ರ ಕಾಯ್ದೆಯಡಿ ದೂರು ವಿಚಾರಿಸುವ ರಾಜ್ಯ ಮಟ್ಟದ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಲು ಅವಕಾಶವಿದೆ. ದ್ವೇಷ ಹರಡುವವರಿಗೆ ಅದೇ ಕಾಯ್ದೆಯಲ್ಲಿ ಮೂರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡದ ಶಿಕ್ಷೆಯಿದೆ. ಪತ್ರಗಳ ಪ್ರತಿಗಳನ್ನು ಬೀಗವಿರುವ ಕಪಾಟಿನಲ್ಲಿ ಇಡಿ; ಬೀಗದ ಕೈ ಒಬ್ಬರ ಬಳಿ ಮಾತ್ರ ಇರಲಿ.